ಗೋಡೌನ್ ವಿಷಯ ನಿಮಗೆ ಹೇಳಿರಲಿಲ್ಲ

ಟೊರೊಂಟೊ
8 ಫೆಬ್ರವರಿ 2026

ಅಪ್ಪ, ಅಮ್ಮನಿಗೆ ನಮಸ್ಕಾರ.

ರಘು, ಇದನ್ನು ಅಪ್ಪನಿಗೆ ನಿಧಾನವಾಗಿ ಓದಿ ಹೇಳು. ಫೋನಿನಲ್ಲಿ ಹೇಳೋಣ ಅಂದರೆ ಅಮ್ಮ ಅರ್ಧಕ್ಕೇ ಅಳೋಕೆ ಶುರು ಮಾಡುತ್ತಾಳೆ.

ಕೆಲಸ ಸಿಕ್ಕಿತು. ಕಾರಿನ ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಚೆಕಿಂಗ್. ಗಂಟೆಗೆ 24 ಡಾಲರ್. ನಾಳಿದ್ದು ಸೇರುತ್ತೇನೆ.

ಹಾಗಾದರೆ ಅಕ್ಟೋಬರಿನಿಂದ ಏನು ಮಾಡುತ್ತಿದ್ದೆ ಅಂತ ಕೇಳುತ್ತೀರಿ. 'ಕಂಪನಿ ಕೆಲಸ' ಅಂದಿದ್ದೆನಲ್ಲ, ಅದು ಗೋಡೌನ್‌ನಲ್ಲಿ ಡಬ್ಬ ಎತ್ತಿ ಜೋಡಿಸುವ ಕೆಲಸ. ಅದೂ ಏಜೆನ್ಸಿ ಮೂಲಕ. ನಾಳೆ ಬಾ ಅಂತ ಸಂಜೆ ಮೆಸೇಜ್ ಬಂದರೆ ಕೆಲಸ, ಬರದಿದ್ದರೆ ಇಲ್ಲ. ಗಂಟೆಗೆ 17 ಡಾಲರ್ 60 ಸೆಂಟ್. ಇಲ್ಲಿ ಅದಕ್ಕಿಂತ ಕಡಿಮೆ ಕೊಡೋ ಹಾಗಿಲ್ಲ, ಕಾನೂನಿದೆ. ಸುಳ್ಳು ಹೇಳಿದ್ದಕ್ಕೆ ಬೈಯಬೇಡಿ. ಮಗ ಇಂಜಿನಿಯರ್ ಅಂತ ನೀವು ರೇಷ್ಮೆ ಗೂಡಿನ ಮಾರ್ಕೆಟ್‌ನಲ್ಲೆಲ್ಲ ಹೇಳಿಕೊಂಡಿದ್ದಿರಿ. ನನಗೆ ಬಾಯಿ ಬರಲಿಲ್ಲ.

ಮೊದಲ ಎರಡು ತಿಂಗಳು ನಾನೇ ತಪ್ಪು ಮಾಡಿದೆ. ನಮ್ಮ ಕಡೆಯ ಬಯೋಡೇಟಾವನ್ನೇ ಎಲ್ಲಾ ಕಡೆ ಕಳಿಸಿದೆ. ಫೋಟೋ, ಹುಟ್ಟಿದ ತಾರೀಖು, ತಂದೆಯ ಹೆಸರು, ಮದುವೆ ಆಗಿಲ್ಲ, ಎಲ್ಲಾ ಅದರಲ್ಲಿ. ಒಬ್ಬರೂ ಕರೆಯಲಿಲ್ಲ. ಕೊನೆಗೆ ಲೈಬ್ರರಿಯಲ್ಲಿ ಒಬ್ಬ ಹೆಂಗಸು ಕೂರಿಸಿಕೊಂಡು ಅದನ್ನೆಲ್ಲ ತೆಗೆಸಿದರು. "ಪೀಣ್ಯದಲ್ಲಿ ನಾಲ್ಕು ವರ್ಷ ಏನೇನು ಅಳೆದೆ, ಯಾವ ಮೆಷಿನ್‌ನಲ್ಲಿ ಅಳೆದೆ, ಅದನ್ನು ಬರಿ" ಅಂದರು. ಒಂದು ಪೈಸೆ ತಗೊಳ್ಳಲಿಲ್ಲ. ಇಲ್ಲಿನ ಲೈಬ್ರರಿ ಬರೀ ಪುಸ್ತಕದ ಮನೆ ಅಲ್ಲಪ್ಪ, ಬೆಚ್ಚಗೆ ಕೂರಬಹುದು, ಕಂಪ್ಯೂಟರ್ ಪುಕ್ಕಟೆ.

ಇಷ್ಟು ದಿನ ಹೋದ ಕಡೆಯೆಲ್ಲ 'ಕೆನಡಾದ ಅನುಭವ ಇದೆಯಾ' ಅನ್ನೋದೇ ಪ್ರಶ್ನೆ. ಕೆಲಸ ಕೊಡದೆ ಅನುಭವ ಎಲ್ಲಿಂದ ತರೋದು? ಈ ಜನವರಿ 1ರಿಂದ ನಮ್ಮ ಈ ಒಂಟಾರಿಯೋ ಪ್ರಾಂತ್ಯದಲ್ಲಿ 25 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಂಪನಿಗಳು ಜಾಹೀರಾತಿನಲ್ಲಿ ಅದನ್ನು ಕೇಳೋ ಹಾಗಿಲ್ಲ. ಮನಸ್ಸಿನಲ್ಲಿ ಕೇಳಿಕೊಳ್ಳುವುದನ್ನು ಯಾರು ತಡೆಯುತ್ತಾರೆ, ಅದು ಬೇರೆ ಮಾತು. ಮಧ್ಯೆ ಒಬ್ಬ, ನಮ್ಮ ದೇಶದವನೇ, 500 ಡಾಲರ್ ಕೊಟ್ಟರೆ ಕೆಲಸ ಕೊಡಿಸುತ್ತೇನೆ ಅಂದ. ಕೊಡಲಿಲ್ಲ. ಕೊಡೋಕೆ ಇರಲೂ ಇಲ್ಲ ಅನ್ನಿ.

ಈ ಫ್ಯಾಕ್ಟರಿಯ ಸೂಪರ್‌ವೈಸರ್ ಮಾತ್ರ ನನ್ನ ಕಾಗದವನ್ನು ಸರಿಯಾಗಿ ನೋಡಲೇ ಇಲ್ಲ. ಒಂದು ಕಬ್ಬಿಣದ ಪೀಸು, ಅಳೆಯೋಕೆ ಒಂದು ವರ್ನಿಯರ್, ಒಂದು ಡ್ರಾಯಿಂಗ್ ಕೊಟ್ಟು ಸುಮ್ನೆ ಪಕ್ಕದಲ್ಲಿ ನಿಂತ. ನನಗೆ ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ ನೆನಪಾಯಿತು. ಜಾಲರಿಗೆ ಸುರಿದ ಗೂಡನ್ನು ನೂಲು ಬಿಚ್ಚುವ ರೀಲರ್ ಒಂದು ಹಿಡಿ ತೆಗೆದು ಅದುಮಿ, ಅಲ್ಲಾಡಿಸಿ ನೋಡುವಾಗ ನೀವು ಮಾತಾಡದೆ ನಿಂತಿರುತ್ತೀರಲ್ಲ, ಹಾಗೇ ನಿಂತೆ. ಅಳೆದೆ. ಒಂದು ತೂತು ಡ್ರಾಯಿಂಗ್‌ಗಿಂತ ದೊಡ್ಡದಾಗಿತ್ತು. ತೋರಿಸಿದೆ. ಅವನು ಬೇಕಂತಲೇ ಕೆಟ್ಟ ಪೀಸು ಕೊಟ್ಟಿದ್ದನಂತೆ.

ಸೇಫ್ಟಿ ಶೂ ನಾವೇ ತರಬೇಕು. ಹಸಿರು ತ್ರಿಕೋನದ ಗುರುತು ಇರುವುದೇ ಆಗಬೇಕು. ಗೋಡೌನ್‌ಗೆ ಕೊಂಡಿದ್ದು ಇದೆ, ಆ ಖರ್ಚು ಉಳಿಯಿತು.

ಅಮ್ಮಾ, ಚಳಿ ಜಾಸ್ತಿನೇ, ಆದರೆ ಕೋಟು ದಪ್ಪ ಇದೆ. ಊಟ ನಾನೇ ಮಾಡಿಕೊಳ್ಳುತ್ತೇನೆ. ರಾಗಿ ಹಿಟ್ಟು ಸಿಗುತ್ತದೆ. ಇದಕಿದ ಅವರೆಬೇಳೆ ಸಾರಿನ ಫೋಟೋ ಮಾತ್ರ ಇನ್ನು ಕಳಿಸಬೇಡ.

ಅಪ್ಪ, ರೇಷ್ಮೆ ಹುಳು ಪೊರೆ ಬಿಟ್ಟು ನಾಲ್ಕನೇ ಜ್ವರದಿಂದ ಎದ್ದಿದೆ ಅಂತ ರಘು ಹೇಳಿದ. ಸೊಪ್ಪು ಸಾಕಾಗುತ್ತಾ? ಸಾಲದಿದ್ದರೆ ಕೊಳ್ಳಿ, ದುಡ್ಡು ಕಳಿಸುತ್ತೇನೆ. ಗೂಡು ಮಾರ್ಕೆಟ್‌ಗೆ ಹಾಕಿದ ದಿನ ರೇಟು ಎಷ್ಟು ಬಿತ್ತು ಅಂತ ಕೂಡಲೇ ಫೋನ್ ಮಾಡಿ. ನಿಮಗೆ ಬೆಳಿಗ್ಗೆ ಹತ್ತೂವರೆ ಆದಾಗ ಇಲ್ಲಿ ನಡುರಾತ್ರಿ. ಎದ್ದೇ ಇರುತ್ತೇನೆ.

ನಿಮ್ಮ ಮಗ,
ಮಂಜು