ಜಠರದ ಉರಿಯೂತ: ಸರಳ ಪರೀಕ್ಷೆಗೂ ಸಿದ್ಧತೆ ಬೇಕು

ಮಾನ್ಯ ಸಂಪಾದಕರೇ,

ಹೊಟ್ಟೆಯುರಿ, ಉಬ್ಬರ ಎಂದು ವೈದ್ಯರ ಬಳಿ ಹೋದವರೆಲ್ಲರಿಗೂ ಎಂಡೋಸ್ಕೋಪಿ ಮಾಡಲಾಗುವುದಿಲ್ಲ, ಮಾಡುವ ಅಗತ್ಯವೂ ಇರುವುದಿಲ್ಲ. ಗಂಟಲಿಗೆ ಕೊಳವೆ ಇಳಿಸದೆಯೇ ಜಠರದ ಒಳಪದರ ಎಷ್ಟು ಹದಗೆಟ್ಟಿದೆ ಎಂದು ಅಂದಾಜಿಸಲು ರಕ್ತ, ಉಸಿರು, ಮಲದ ಪರೀಕ್ಷೆಗಳಿವೆ. ಆದರೆ ಸರಳವೆಂಬ ಕಾರಣಕ್ಕೆ ಅವುಗಳನ್ನು ಹಗುರವಾಗಿ ನಡೆಸಲಾಗುತ್ತಿದೆ.

ಇದು ನನ್ನದೇ ಅನುಭವ. ಜಠರದಲ್ಲಿ ನೆಲೆಸಿ ಉರಿಯೂತ ತರುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾದ ಸೋಂಕು ತಿಳಿಯಲು ಉಸಿರಿನ ಪರೀಕ್ಷೆಗೆ ಹೋಗಿದ್ದೆ. ಮೊದಲು ಒಂದು ಚೀಲಕ್ಕೆ ಊದಿಸಿದರು, ಯೂರಿಯಾ ಬೆರೆಸಿದ ನೀರು ಕುಡಿಸಿದರು, ಅರ್ಧ ಗಂಟೆಯ ನಂತರ ಇನ್ನೊಂದು ಚೀಲಕ್ಕೆ ಊದಿಸಿದರು. ಸೋಂಕಿಲ್ಲ ಎಂದು ವರದಿ ಬಂತು. ವರದಿ ನೋಡಿದ ವೈದ್ಯರು ಕೇಳಿದ ಮೊದಲ ಮಾತು, ‘ಆಮ್ಲ ತಗ್ಗಿಸುವ ಮಾತ್ರೆ ನಿಲ್ಲಿಸಿದ್ದಿರಾ?’ ನಿಲ್ಲಿಸಿರಲಿಲ್ಲ, ಪ್ರಯೋಗಾಲಯದಲ್ಲಿ ಯಾರೂ ಕೇಳಿಯೂ ಇರಲಿಲ್ಲ. ಒಮೆಪ್ರಜೋಲ್ ಬಗೆಯ ಮಾತ್ರೆಗಳು ಬ್ಯಾಕ್ಟೀರಿಯಾವನ್ನು ಕೊಲ್ಲದೆ ಅಡಗಿಸಿಡುತ್ತವೆ. ಆದ್ದರಿಂದ ಪರೀಕ್ಷೆಗೆ 2 ವಾರ ಮೊದಲು ಅವುಗಳನ್ನೂ, 4 ವಾರ ಮೊದಲು ಆ್ಯಂಟಿಬಯೋಟಿಕ್‌ಗಳನ್ನೂ ಬಿಟ್ಟಿರಬೇಕು. ಮಾತ್ರೆ ಬಿಟ್ಟು ಎರಡನೇ ಸಲ ಊದಿದಾಗ ಸೋಂಕು ಪತ್ತೆಯಾಯಿತು.

ಸೋಂಕಿದೆಯೇ ಎಂಬುದು ಒಂದು ಪ್ರಶ್ನೆಯಾದರೆ, ಅದು ಎಷ್ಟು ಹಾನಿ ಮಾಡಿದೆ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ರಕ್ತದ ಪೆಪ್ಸಿನೋಜೆನ್ (ಜಠರ ತಯಾರಿಸುವ, ಜೀರ್ಣಕ್ರಿಯೆಗೆ ಬೇಕಾದ ಪ್ರೋಟೀನ್) ಪರೀಕ್ಷೆ ನೆರವಾಗುತ್ತದೆ. ಪೆಪ್ಸಿನೋಜೆನ್ 1 ಜಠರದ ಮುಖ್ಯಭಾಗದ ಗ್ರಂಥಿಗಳಿಂದ ಬರುತ್ತದೆ, ಪೆಪ್ಸಿನೋಜೆನ್ 2 ಹೆಚ್ಚುಕಡಿಮೆ ಇಡೀ ಜಠರದಿಂದ. ಉರಿಯೂತ ಇರುವಾಗ ಎರಡನೆಯದು ಏರುತ್ತದೆ. ವರ್ಷಗಟ್ಟಲೆ ಮುಂದುವರಿದು ಗ್ರಂಥಿಗಳು ಕ್ಷೀಣಿಸಿದರೆ ಮೊದಲನೆಯದು ಕುಸಿದು ಅವುಗಳ ಅನುಪಾತವೂ ಇಳಿಯುತ್ತದೆ. ಮೊದಲನೆಯದು ಮಿಲಿಲೀಟರಿಗೆ 70 ನ್ಯಾನೋಗ್ರಾಂ ಅಥವಾ ಕಡಿಮೆ, ಅನುಪಾತ 3 ಅಥವಾ ಕಡಿಮೆ ಇದ್ದರೆ ಎಚ್ಚರ ವಹಿಸಬೇಕೆಂಬ ಅಳತೆ ಜಪಾನಿನಲ್ಲಿ ಬಳಕೆಯಲ್ಲಿದೆ. ಇಂಥ ಕ್ಷೀಣತೆ ಜಠರದ ಕ್ಯಾನ್ಸರಿಗೆ ದಾರಿಯಾಗಬಲ್ಲದು ಎಂಬ ಕಾರಣಕ್ಕೇ ಈ ಸಂಖ್ಯೆಗಳಿಗೆ ಬೆಲೆ. ವಿಚಿತ್ರವೆಂದರೆ, ಆಮ್ಲ ತಗ್ಗಿಸುವ ಮಾತ್ರೆ ಈ ಎರಡೂ ಪೆಪ್ಸಿನೋಜೆನ್‌ಗಳನ್ನು ಏರಿಸುತ್ತದೆ.

ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು ಹುಡುಕುವ ರಕ್ತಪರೀಕ್ಷೆಯದು ಇನ್ನೊಂದು ಗೊಂದಲ. ಸೋಂಕು ವಾಸಿಯಾದ ಮೇಲೂ ಅದು ಬಹುಕಾಲ ಪಾಸಿಟಿವ್ ಆಗಿಯೇ ಉಳಿಯಬಹುದು. ಚಿಕಿತ್ಸೆ ಫಲಿಸಿದೆಯೇ ಎಂದು ತಿಳಿಯಲು ಅದು ಕೆಲಸಕ್ಕೆ ಬಾರದು. ಮಲ ಕಪ್ಪಾಗಿದ್ದರೆ, ರಕ್ತವಾಂತಿಯಾದರೆ, ತೂಕ ಇಳಿಯುತ್ತಿದ್ದರೆ, ನುಂಗಲು ಕಷ್ಟವಾದರೆ ಈ ಯಾವ ಪರೀಕ್ಷೆಗೂ ಕಾಯದೆ ಎಂಡೋಸ್ಕೋಪಿಯೇ ಆಗಬೇಕು.

ಪರೀಕ್ಷೆಗೆ ಸಮಯ ಕೊಡುವಾಗಲೇ, ಯಾವ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದೀರಿ, ಎಂದಿನಿಂದ ಎಂದು ಕೇಳಿ ಚೀಟಿಯಲ್ಲಿ ಬರೆದುಕೊಳ್ಳುವುದನ್ನು ಪ್ರಯೋಗಾಲಯಗಳು ರೂಢಿಸಿಕೊಳ್ಳಲಿ. ಹುಣ್ಣಿನಿಂದ ರಕ್ತಸ್ರಾವವಾದವರಂತೂ ವೈದ್ಯರನ್ನು ಕೇಳದೆ ಮಾತ್ರೆ ಬಿಡಬಾರದು ಎಂಬ ಮಾತೂ ಆ ಚೀಟಿಯಲ್ಲೇ ಇರಲಿ.

– ಒಬ್ಬ ಓದುಗ