ವಾರ್ಡು ತೋರಿಸಿದವರಿಗೆ, ಬಾಲ್ಕನಿ ಕೊಟ್ಟವರಿಗೆ

ನಗರ ಡೇಟಾ ವಿಶ್ಲೇಷಣೆ ಕೋರ್ಸಿನ ಈ ವರ್ಷದ ಕೊನೆಯ ವೈವಾ ಮುಗಿದು, ಅಂಕಪಟ್ಟಿಯೂ ಹೋಗಿದೆ. ಕಲಿಸಿದ ನಾವು ಬೆರಳೆಣಿಕೆಯ ಜನ. ಕೋರ್ಸು ನಿಂತದ್ದು ಕ್ಯಾಂಪಸ್ಸಿನ ಹೊರಗಿನವರ ಬಲದ ಮೇಲೆ. ಸ್ಮಾರ್ಟ್ ಸಿಟಿ ಎಂದರೆ ಗೋಡೆ ತುಂಬ ಪರದೆಗಳಿರುವ ಕಂಟ್ರೋಲ್ ರೂಮು ಎಂದುಕೊಂಡು ಬಂದ ಮಕ್ಕಳಿಗೆ, ಆ ಪರದೆಯ ಮೇಲಿನ ಅಂಕಿ ಎಲ್ಲಿಂದ ಬರುತ್ತದೆ ಎಂದು ತೋರಿಸಿಕೊಟ್ಟವರು ನೀವು. ಬರೀ ‘ಎಲ್ಲರಿಗೂ ಧನ್ಯವಾದ’ ಎಂದರೆ ಸಾಲದು. ಯಾರಿಂದ ಏನು ಸರಿಹೋಯಿತು ಎಂಬುದನ್ನೂ ಹೇಳಬೇಕು.

ಮೊದಲ ನಮಸ್ಕಾರ ವಾರ್ಡ್ ಕಚೇರಿಗಳ ಎಂಜಿನಿಯರುಗಳಿಗೆ, ಗುಮಾಸ್ತರಿಗೆ. ಬೆಂಗಳೂರಿನಲ್ಲಿ ವಾರ್ಡ್ ಸಂಖ್ಯೆಯೊಂದನ್ನೇ ನಂಬಿ ಎರಡು ಪಟ್ಟಿ ಜೋಡಿಸಿದರೆ ಕೆಲಸ ಕೆಟ್ಟಂತೆಯೇ. 2011ರ ಜನಗಣತಿ ಇರುವುದು 198 ವಾರ್ಡುಗಳ ಲೆಕ್ಕದಲ್ಲಿ. 2022ರ ಮರುವಿಂಗಡಣೆಯಲ್ಲಿ ಅವು 243 ಆದವು, 2023ರಲ್ಲಿ 225. 2025ರಲ್ಲಿ ನಗರ ಐದು ಪಾಲಿಕೆಗಳಾಗಿ ಗಡಿಗಳು ಮತ್ತೆ ಬದಲಾದವು. ಹಳೆಯ ವಾರ್ಡಿನ ಜನಸಂಖ್ಯೆಯನ್ನು ಹೊಸದಕ್ಕೆ ವಿಸ್ತೀರ್ಣದ ಪ್ರಮಾಣದಲ್ಲಿ ಹಂಚುವುದು ಸುಲಭ, ಆದರೆ ಆ ಲೆಕ್ಕ ಸುಮಾರು 900 ಎಕರೆಯ ಬೆಳ್ಳಂದೂರು ಕೆರೆಯ ನೀರಿನ ಮೇಲೂ ಜನರನ್ನು ಕೂರಿಸಿಬಿಡುತ್ತದೆ. ಕೆರೆ, ಪಾರ್ಕು, ಸೇನೆಯ ಜಾಗಗಳನ್ನು ಮೊದಲು ಕಳೆದು, ಉಳಿದ ಕಟ್ಟಡಗಳ ತಳವಿಸ್ತೀರ್ಣದ ಮೇಲೆ ಹಂಚಬೇಕು. ಅದಕ್ಕೂ ಮುಂಚೆ ನಕ್ಷೆಯನ್ನು ಡಿಗ್ರಿಯಿಂದ ಮೀಟರಿಗೆ, ಅಂದರೆ ಭೂಮಿಯನ್ನು ಪಟ್ಟಿಗಳಾಗಿ ವಿಂಗಡಿಸಿ ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಯ 43 ಉತ್ತರ ವಲಯಕ್ಕೆ (ನಕ್ಷೆಯ ತಂತ್ರಾಂಶದಲ್ಲಿ ಅದರ ಸಂಕೇತ ಇಪಿಎಸ್‌ಜಿ 32643) ತರಬೇಕು. ಡಿಗ್ರಿಯಲ್ಲೇ ತೆಗೆದ ವಿಸ್ತೀರ್ಣಕ್ಕೆ ಅರ್ಥವಿಲ್ಲ. ಇಷ್ಟೆಲ್ಲ ಆದಮೇಲೂ ಯಾವ ಅಡ್ಡರಸ್ತೆ ಯಾವ ಕಡೆಗೆ ಸೇರಿತು ಎಂಬ ಅನುಮಾನ ಉಳಿಯುತ್ತದೆ. ಅಲ್ಲಿ ನೀವು ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದ್ದೇ ಕೊನೆಯ ಉತ್ತರ.

ಕನ್ನಡ ತಂತ್ರಾಂಶದ ಸ್ವಯಂಸೇವಕರೇ, ನಿಮ್ಮ ಋಣ ದೊಡ್ಡದು. ಹಳೆಯ ನುಡಿ ಫಾಂಟಿನ ಪಟ್ಟಿಗಳನ್ನು ಕಾಪಿ ಮಾಡಿದರೆ ಇಂಗ್ಲಿಷ್ ಅಕ್ಷರಗಳ ರಾಶಿ ಬೀಳುತ್ತದೆ. ಯುನಿಕೋಡಿಗೆ ತಂದ ಮೇಲೂ ಎರಡು ಪಟ್ಟಿಗಳ ‘ಕೋರಮಂಗಲ’ ಒಂದಕ್ಕೊಂದು ಹೊಂದದೆ ಇರಬಹುದು. ಒಂದರಲ್ಲಿ ‘ಕೋ’ದ ಓತ್ವಕ್ಕೆ ಒಂದೇ ಸಂಕೇತ, ಇನ್ನೊಂದರಲ್ಲಿ ಎತ್ವ, ಕೊಂಬಿನ ಇಳಿ, ದೀರ್ಘ ಎಂದು ಮೂರು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಎರಡೂ ಪಟ್ಟಿಗಳನ್ನು, ಒಂದೇ ಅಕ್ಷರಕ್ಕೆ ಎಲ್ಲೆಡೆ ಒಂದೇ ಸಂಕೇತ ಕೊಡುವ ಎನ್‌ಎಫ್‌ಸಿ ರೂಪಕ್ಕೆ ತಂದು, ಕಾಣದ ಝೀರೋ ವಿಡ್ತ್ ಅಕ್ಷರಗಳನ್ನು ತೆಗೆದು, ಆಮೇಲೆ ಹೋಲಿಸಬೇಕು. ಶೇಪ್‌ಫೈಲ್ ಎಂಬ ಹಳೆಯ ಬಗೆಯ ನಕ್ಷೆ ಕಡತದಲ್ಲಿ ಕಾಲಂ ಹೆಸರಿಗೆ ಸಿಗುವುದು ಹತ್ತೇ ಬೈಟು, ಕನ್ನಡದ ಒಂದು ಸಂಕೇತಕ್ಕೇ ಮೂರು ಬೈಟು ಬೇಕು. ಹಾಗಾಗಿ ಕನ್ನಡ ಇರುವ ನಕ್ಷೆಯನ್ನು ಜಿಯೋಪ್ಯಾಕೇಜ್ ಎಂಬ ಹೊಸ ಬಗೆಯ ಕಡತದಲ್ಲಿ ಉಳಿಸುವುದೇ ಸರಿ.

ಮಳೆಯ ಲೆಕ್ಕ ಬಿಡಿಸಿ ಹೇಳಿದ ಹವಾಮಾನ ತಜ್ಞರಿಗೂ ವಂದನೆ. ಹವಾಮಾನ ಇಲಾಖೆಯ ದಿನದ ಮಳೆ ಎಂದರೆ ಬೆಳಿಗ್ಗೆ 8:30ರಿಂದ ಮರುದಿನ 8:30ರವರೆಗೆ. ನಮ್ಮೂರಿನ ಮಳೆ ಹೆಚ್ಚಾಗಿ ಸಂಜೆ, ರಾತ್ರಿಯದು. 2022ರ ಸೆಪ್ಟೆಂಬರ್ 4ರ ರಾತ್ರಿ ಸುರಿದು ಹೊರವರ್ತುಲ ರಸ್ತೆಯನ್ನು ಮುಳುಗಿಸಿದ 131.6 ಮಿ.ಮೀ. ಮಳೆ ದಾಖಲೆಯಲ್ಲಿ ಸಿಗುವುದು 5ರ ಲೆಕ್ಕದಲ್ಲಿ. ಇದು ಗೊತ್ತಿಲ್ಲದೆ ಮಳೆಯನ್ನೂ ನೀರು ನುಗ್ಗಿದ ದೂರನ್ನೂ ತಾರೀಖಿನಂತೆ ಜೋಡಿಸಿದರೆ, ಮಳೆ ಬರುವ ಮುಂಚೆಯೇ ಪ್ರವಾಹ ಬಂದಂತೆ ಕಾಣುತ್ತದೆ! 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುವ ರಾಜ್ಯ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳಿದ್ದರೆ ಈ ತೊಡಕಿಲ್ಲ. ಆದರೆ ಅಲ್ಲಿ ಸೊನ್ನೆ ಕಂಡರೆ ಪಕ್ಕದ ಮಾಪಕವನ್ನೂ ನೋಡಬೇಕು, ಬಾಯಿಗೆ ಎಲೆ ಕಟ್ಟಿಕೊಂಡರೂ ಸೊನ್ನೆಯೇ ಬರುತ್ತದೆ.

ಗಾಳಿಯಲ್ಲಿನ ಧೂಳು ಅಳೆಯುವ ಸೆನ್ಸರಿಗೆ ಬಾಲ್ಕನಿ ಕೊಟ್ಟ ಮನೆಯವರೇ, ನಿಮಗೆ ವಿಶೇಷ ನಮನ. ಬಿಸಿಲು, ಎರಚಲು ಬೀಳದ ಸೂರಿನಡಿ, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನಿನಿಂದ ದೂರ ಎಂದೆಲ್ಲ ನಾವು ಕೇಳಿದ ಜಾಗವನ್ನೇ ಬಿಟ್ಟುಕೊಟ್ಟಿರಿ. ಇವು ಲೇಸರ್ ಬೆಳಕು ಚದುರುವುದನ್ನು ಅಳೆಯುವ ಕಡಿಮೆ ಬೆಲೆಯ ಸೆನ್ಸರುಗಳು. ತೇವಾಂಶ ಶೇ. 80 ದಾಟಿದರೆ ನೀರು ಹೀರಿ ಉಬ್ಬಿದ ಕಣವನ್ನೂ ದೊಡ್ಡ ಧೂಳೆಂದೇ ಎಣಿಸುತ್ತವೆ. ಅದಕ್ಕೇ ಮೊದಲು ಅಧಿಕೃತ ಮಾಪನ ಕೇಂದ್ರದ ಪಕ್ಕ ಎರಡು ವಾರವಾದರೂ ಇಟ್ಟು, ತೇವಾಂಶವನ್ನೂ ಸೇರಿಸಿ ತಿದ್ದುವ ಸೂತ್ರ ಕಟ್ಟಬೇಕು. ಕರೆಂಟು ಹೋಗಿ ಬಂದರೆ, ಇಂಟರ್ನೆಟ್ ಸಿಗುವವರೆಗೆ ಸೆನ್ಸರಿನ ಗಡಿಯಾರ, ಕಂಪ್ಯೂಟರುಗಳು ಕಾಲ ಎಣಿಸಲು ಶುರುಮಾಡುವ 1970ರ ಜನವರಿ 1ಕ್ಕೆ ಹೋಗಿ ಕೂರುತ್ತದೆ. ಆ ಸಾಲುಗಳನ್ನು ತೆಗೆದೇ ಸರಾಸರಿ ಹಾಕಬೇಕು. ಇಷ್ಟನ್ನು ಪ್ರೋಗ್ರಾಮು ಮಾಡುತ್ತದೆ. ‘ಪಕ್ಕದ ಸೈಟಿನಲ್ಲಿ ತರಗೆಲೆ ಸುಟ್ಟರು, ಸಂಜೆ ಆರು’ ಎಂದು ನೀವು ಚೀಟಿಯಲ್ಲಿ ಬರೆದಿಟ್ಟದ್ದನ್ನು ಯಾವ ಪ್ರೋಗ್ರಾಮೂ ಊಹಿಸಲಾರದು. ಗ್ರಾಫಿನ ಎಷ್ಟೋ ಏರುಗಳಿಗೆ ಕಾರಣ ಸಿಕ್ಕಿದ್ದು ಆ ಚೀಟಿಗಳಲ್ಲೇ.

ಬಸ್ಸಿನ ವೇಳಾಪಟ್ಟಿಯ ಫೈಲಿನಲ್ಲಿ ರಾತ್ರಿ 1:10 ಎಂಬುದು 25:10:00 ಎಂದಿರುವುದು ದೋಷವಲ್ಲ, ಹಿಂದಿನ ದಿನದ ಟ್ರಿಪ್ಪೇ ಮುಂದುವರಿದಿರುವ ಗುರುತು. ಮೆಜೆಸ್ಟಿಕ್‌ನಲ್ಲಿ ಬಿಡುವಿನ ಹೊತ್ತಲ್ಲಿ ಇಂಥದ್ದನ್ನೆಲ್ಲ ತಾಳ್ಮೆಯಿಂದ ಹೇಳಿಕೊಟ್ಟ ಕಂಡಕ್ಟರುಗಳಿಗೆ, ಟೈಂ ಕೀಪರುಗಳಿಗೆ ಧನ್ಯವಾದ.

ಪೌರಕಾರ್ಮಿಕರ ಉಪಕಾರವನ್ನಂತೂ ಮರೆಯುವಂತಿಲ್ಲ. ರಸ್ತೆಗುಂಡಿಯ ದೂರು ಹೆಚ್ಚಿರುವ ಕಡೆ ಗುಂಡಿ ಹೆಚ್ಚಿದೆ ಎಂದಲ್ಲ, ಅಲ್ಲಿ ಆ್ಯಪ್ ಬಳಸುವವರು ಹೆಚ್ಚಿರಬಹುದು. ಪರೀಕ್ಷಿಸುವುದು ಹೀಗೆ: ರಸ್ತೆಗಳನ್ನು 100 ಮೀಟರಿನ ತುಂಡು ಮಾಡಿ, ಚೀಟಿ ಎತ್ತಿದ ಹಾಗೆ ಕೆಲವನ್ನು ಆರಿಸಿ, ನಡೆದು ಎಣಿಸಿ, ದೂರಿನ ಪಟ್ಟಿಯೊಂದಿಗೆ ಹೋಲಿಸುವುದು. ಬೆಳಗಿನ ಜಾವದಲ್ಲಿ ವಿದ್ಯಾರ್ಥಿಗಳ ಜೊತೆ ನಡೆದು, ಯಾವ ಗುಂಡಿ ಹಳೆಯದು, ಯಾವುದು ನೀರಿನ ಪೈಪಿಗೆ ಅಗೆದು ಬಿಟ್ಟದ್ದು ಎಂದು ಗುರುತಿಸಿಕೊಟ್ಟಿರಿ ನೀವು. ಆ ಎರಡನೆಯ ಮಾಹಿತಿ ಯಾವ ದೂರಿನ ಪಟ್ಟಿಯಲ್ಲೂ ಇರಲಿಲ್ಲ.

ಕೊನೆಗೆ ವಿದ್ಯಾರ್ಥಿಗಳಿಗೆ. ದೂರುದಾರರ ಫೋನ್ ನಂಬರು ಅಳಿಸಿ, ಅಕ್ಷಾಂಶ ರೇಖಾಂಶಗಳನ್ನು ಮೂರು ದಶಮಾಂಶಕ್ಕೆ, ಅಂದರೆ ಸುಮಾರು 110 ಮೀಟರಿಗೆ, ಇಳಿಸಿದ ಮೇಲೆಯೇ ನಕ್ಷೆ ಬಿಡಿಸಿದಿರಿ. ಪ್ರತಿ ವರದಿಯಲ್ಲೂ ‘ಈ ಡೇಟಾದಿಂದ ಹೇಳಲಾಗದ್ದು’ ಎಂದು ಒಂದು ಪುಟ ಬರೆದಿರಿ. ಹಳೆಯ ವಾರ್ಡು, ಹೊಸ ವಾರ್ಡು, ಹಂಚಿಕೆಯ ಪಾಲು, ನೋಡಿ ಖಚಿತಪಡಿಸಿಕೊಂಡ ತಾರೀಖು ಎಂಬ ನಾಲ್ಕು ಕಾಲಮ್ಮಿನ ನಿಮ್ಮ ಪಟ್ಟಿ ಮುಂದಿನ ತಂಡಕ್ಕೆ ಮೊದಲ ದಿನವೇ ಸಿಗುತ್ತದೆ. ನಗರದ ಬೇರೆ ಕಾಲೇಜಿನವರು ಕೇಳಿದರೂ ಕೊಡುತ್ತೇವೆ.