ಮರಿನಾಯಿಗೆ ಉಳ್ಳಾಗಡ್ಡಿ ಹಾಕಬೇಡಿ

ಮಾನ್ಯ ಸಂಪಾದಕರೇ,

ಎರಡು ತಿಂಗಳ ಹಿಂದೆ ನಮ್ಮ ಓಣಿಯ ಚರಂಡಿ ಪಕ್ಕ ಸಿಕ್ಕ ಮರಿಯನ್ನು ಮನೆಗೆ ತಂದೆ. ಹೆಸರು ಕರಿಯ. ಮೊದಲ ದಿನವೇ ಪ್ರೀತಿಯಿಂದ ಒಂದು ಬಟ್ಟಲು ಎಮ್ಮೆ ಹಾಲು ಕುಡಿಸಿದೆ. ರಾತ್ರಿಯಿಡೀ ಭೇದಿ! ಎಷ್ಟೋ ನಾಯಿಗಳಿಗೆ ಹಾಲು ಅರಗುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೇ ಗೊತ್ತಾಗಿದ್ದು.

ಈಗ ಮೆತ್ತಗಿನ ಅನ್ನ, ಉಪ್ಪು ಖಾರ ಇಲ್ಲದೆ ಬೇಯಿಸಿದ ಕೋಳಿ, ಮೊಟ್ಟೆ. ದಿನಕ್ಕೆ ಮೂರು ಸಲ, ಸ್ವಲ್ಪ ಸ್ವಲ್ಪ. ಆದರೆ ಎದುರು ಮನೆಯ ಅಕ್ಕ ಉಳಿದ ಪಲ್ಯವನ್ನು ರೊಟ್ಟಿಗೆ ಕಲಸಿ ಹಾಕುತ್ತಾರೆ. ಬೇಡವೆಂದರೆ, "ಏನಾಗ್ತದ ಬಿಡ್ರಿ, ನಾಯಿ ಅಲ್ಲೇನ್ರಿ?" ಉಳ್ಳಾಗಡ್ಡಿ, ಬೆಳ್ಳುಳ್ಳಿ ಬೇಯಿಸಿದರೂ ನಾಯಿಯ ರಕ್ತದ ಕೆಂಪು ಕಣಗಳನ್ನು ಹಾಳು ಮಾಡುತ್ತವೆ. ದ್ರಾಕ್ಷಿ, ಚಾಕೊಲೇಟ್ ಕೂಡ ವಿಷವೇ. ದಯವಿಟ್ಟು ಇದನ್ನು ನಿಮ್ಮ ಪತ್ರಿಕೆಯಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಿ. ನನ್ನ ಮಾತನ್ನಂತೂ ಅಕ್ಕ ಕೇಳುವುದಿಲ್ಲ.

ಕಲಿಸುವ ವಿಷಯದಲ್ಲಿ ನಾನೂ ತಪ್ಪಿದ್ದೇನೆ. ಪಡಸಾಲೆಯಲ್ಲಿ ಉಚ್ಚೆ ಹೊಯ್ದಾಗ ನಿಮ್ಮ ಪತ್ರಿಕೆಯನ್ನೇ ಸುರುಳಿ ಸುತ್ತಿ ಬೀಸಿದ್ದೆ, ಕ್ಷಮಿಸಿ. ಅದು ಹೆದರಿ ಮಂಚದ ಕೆಳಗೆ ಹೋಗಿ ಅಲ್ಲೇ ಹೊಯ್ದಿತು! ಈಗ ಉಂಡ ಕೂಡಲೇ ಹಿತ್ತಲಿಗೆ ಒಯ್ಯುತ್ತೇನೆ. ಅಲ್ಲಿ ಮುಗಿಸಿದರೆ ಒಂದು ಚೂರು ರೊಟ್ಟಿ. ಹದಿನೈದು ದಿನದಲ್ಲಿ ಕಲಿತುಬಿಟ್ಟಿತು. ಮೂರು ತಿಂಗಳು ತುಂಬಿದಾಗ ರೇಬಿಸ್ ಲಸಿಕೆಯೂ ಆಯಿತು.

ಇನ್ನೊಂದು ಮಾತು. ನಮ್ಮ ಕಲಬುರಗಿ ಬಿಸಿಲು 40 ಡಿಗ್ರಿ ದಾಟುತ್ತದೆ, ಅಲ್ವಾ? ಮಧ್ಯಾಹ್ನ ನಾಯಿಯನ್ನು ಡಾಂಬರು ರಸ್ತೆಗೆ ಇಳಿಸುವವರು ಮೊದಲು ತಮ್ಮ ಅಂಗೈ ಇಟ್ಟು ನೋಡಲಿ.

– ನಿವೃತ್ತ ಶಿಕ್ಷಕಿ, ಕಲಬುರಗಿ